ಆರು ತಿಂಗಳ ಕೆರೆ

ನಮ್ಮ ದೊಡ್ಡ ಮಾವ ಈ ಮಳೆಗಾಲದ ಕೊನೆಗೆ ತೀರಿಕೊಂಡರು. ಅವರು ನಿಜ ಹೇಳುವ ಮನುಷ್ಯರೋ ಬುರುಡೆ ಬಿಡುವ ಮನುಷ್ಯರೋ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನನಗೆ ಹೇಳಲು ಬಾರದು. ಹತ್ತು ವರ್ಷಕ್ಕೂ ಮಿಕ್ಕಿ ಅವರಿಗೆ ಊಟ ಬಡಿಸಿದ್ದೇನೆ. ಅವರೊಡನೆ ನಕ್ಕಿದ್ದೇನೆ, ಮುನಿಸಿಕೊಂಡಿದ್ದೇನೆ. ಆದರೆ ಅವರ ಮಾತಿನಲ್ಲಿ ಇದು ಕಂಡದ್ದು, ಇದು ಕೇಳಿದ್ದು, ಇದು ಬರಿದೆ ಮನಸ್ಸಿನಲ್ಲಿದ್ದದ್ದು ಎಂದು ಬೇರೆ ಬೇರೆ ಮಾಡಿ ಇಡುವುದು ನನ್ನಿಂದಾಗಲಿಲ್ಲ. ಅಕ್ಕಿಯಿಂದ ಕಲ್ಲು ಆರಿಸಿದಂತೆ ಆರಿಸಿದರಾಯಿತು ಎಂದುಕೊಂಡು ಹೊರಟವಳು ನಾನು. ಆರಿಸುತ್ತ ಕೂತರೆ ಅಕ್ಕಿ ಯಾವುದು ಕಲ್ಲು ಯಾವುದು ಎಂದೇ ಗೊಂದಲವಾಗುತ್ತಿತ್ತು.

ದೊಡ್ಡ ಮಾವ ಎಂದರೆ ನನ್ನ ಮಾವನವರ ಅಣ್ಣ. ಮಾವನವರನ್ನು ನಾನು ನೋಡಿಲ್ಲ, ನಾನು ಈ ಮನೆಗೆ ಬರುವ ಮೊದಲೇ ಹೋಗಿದ್ದರು. ದೊಡ್ಡ ಮಾವ ಮದುವೆಯಾಗದೆ ಉಳಿದವರು. ತಮ್ಮನ ಮಗನನ್ನು, ಎಂದರೆ ನನ್ನ ಗಂಡನನ್ನು, ಎತ್ತಿ ಆಡಿಸಿ ದೊಡ್ಡದು ಮಾಡಿದವರು. ಉದ್ದ ಆಳು, ತೆಳ್ಳಗೆ. ತಲೆಗೆ ಸದಾ ಒಂದು ಬೈರಾಸು ಸುತ್ತಿಕೊಂಡಿರುತ್ತಿದ್ದರು. ನಡೆಯುವಾಗ ದಾರಿ ನೋಡುವ ಅಭ್ಯಾಸವಿಲ್ಲ. ಪಕ್ಕದಲ್ಲಿ ಎಲ್ಲಾದರೂ ನೀರಿದ್ದರೆ ಕಣ್ಣು ಅಲ್ಲಿ. ಹಾಗಾಗಿ ಕಾಲಿನ ಹೆಬ್ಬೆರಳಿಗೆ ಯಾವಾಗಲೂ ಒಂದು ಗಾಯ. ಅತ್ತೆ ಅದಕ್ಕೆ ಅರಸಿನ ಹಚ್ಚುತ್ತ, “ನೀರು ಓಡಿ ಹೋಗುದಿಲ್ಲ ಭಾವ, ಕಾಲಡಿ ನೋಡಿ” ಎನ್ನುತ್ತಿದ್ದರು. “ಓಡಿ ಹೋಗುದೇ ಅಲ್ವಾ ಅದರ ಕೆಲಸ?” ಎಂದು ಅವರ ಉತ್ತರ.

ಒಮ್ಮೆ ಒಂದು ಹಾರೆ ತರಲು ಅವರನ್ನು ಪುತ್ತೂರಿಗೆ ಕಳಿಸಿದ್ದೆವು. ಆಟಿಯ, ಎಂದರೆ ಆಷಾಢದ, ಮಳೆ. ಸಂಜೆ ಕೈ ಬೀಸಿಕೊಂಡು ವಾಪಸು ಬಂದರು. ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಬೇಕಲ್ಲ, ಅಲ್ಲಿ ಇಳಿದವರು ಸಂಗಮದ ಮೆಟ್ಟಿಲಲ್ಲಿ ನಿಂತುಬಿಟ್ಟಿದ್ದಾರೆ. ಕುಮಾರಧಾರೆ ಕೆಂಪಾಗಿ ಬಂದಿತ್ತಂತೆ, ನೇತ್ರಾವತಿ ಅಷ್ಟು ಕೆಂಪಿರಲಿಲ್ಲವಂತೆ, ಎರಡೂ ಕೂಡಿದ ಮೇಲೂ ಸುಮಾರು ದೂರ ಒಂದಕ್ಕೊಂದು ತಾಗದೆ ಹೋಗುತ್ತಿದ್ದವಂತೆ. ಎಲ್ಲಿ ಬಣ್ಣ ಒಂದಾಗುತ್ತದೆ ನೋಡೋಣ ಎಂದು ದಂಡೆಯಲ್ಲೇ ಕೆಳಗೆ ಕೆಳಗೆ ನಡೆದಿದ್ದಾರೆ. “ಎಲ್ಲಿ ಒಂದಾಯ್ತು?” ಎಂದು ನಾನು ಕೇಳಿದೆ. “ಅದು ಗೊತ್ತಾಗ್ಲಿಲ್ಲ ಮಗಳೆ. ಇಲ್ಲಿ ಅಂತ ಹೇಳುವಾಗ ಆಗಿ ಆಗಿತ್ತು.” ಹಾರೆಯ ಸುದ್ದಿಯನ್ನು ಅವರೂ ತೆಗೆಯಲಿಲ್ಲ, ನಾವೂ ಕೇಳಲಿಲ್ಲ.

ಕೆರೆ, ದ್ವೀಪ ಎಂದರೆ ಆ ಮನುಷ್ಯನಿಗೆ ಒಂದು ಮರುಳು. ಊಟಕ್ಕೆ ಕೂತಾಗ ಸಾರು ಹಾಕಿಸಿಕೊಂಡು ನಡುವೆ ಅನ್ನದ ಗುಡ್ಡೆ ಮಾಡಿ ಕುಳಿತು ಶುರು ಮಾಡುತ್ತಿದ್ದರು. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸಮುದ್ರದ ನಡುವೆ ಕಲ್ಲಿನ ದ್ವೀಪ ಉಂಟು, ಅಲ್ಲಿ ಕಲ್ಲುಗಳೆಲ್ಲ ಯಾರೋ ಕಂಬ ಕಡೆದು ನಿಲ್ಲಿಸಿದ ಹಾಗೆ. ಕುಂಬಳೆಯ ಹತ್ತಿರ ಅನಂತಪುರದಲ್ಲಿ ಕೆರೆಯ ನಡುವೆ ದೇವರು, ಕೆರೆಯಲ್ಲಿ ನೈವೇದ್ಯ ತಿನ್ನುವ ಮೊಸಳೆ. ಕಾರ್ಕಳದಾಚೆ ವರಂಗದಲ್ಲಿ ತಾವರೆಯ ನಡುವೆ ದೋಣಿ ನೂಕಿಕೊಂಡು ಬಸದಿಗೆ ಹೋಗುವುದು. ಕಾಶ್ಮೀರದಲ್ಲಿ ಸರೋವರದ ಮೇಲೆಯೇ ತರಕಾರಿ ತೋಟ. ಬೇಕೆಂದಾಗ ತೋಟವನ್ನು ಎಳೆದುಕೊಂಡು ಬೇರೆ ಕಡೆ ಕಟ್ಟಬಹುದು. “ಇದೆಲ್ಲ ಒಮ್ಮೆಯಾದ್ರೂ ಹೋಗಿ ನೋಡ್ಲೇಬೇಕು” ಎಂದು ಕೊನೆಗೆ ಒಂದು ಒತ್ತು.

“ನೀವು ಹೋಗಿದ್ದೀರಾ ದೊಡ್ಡ ಮಾವ?”

“ಹೋಗ್ದಿದ್ರೆ ಎಂತ? ಅದು ಅಲ್ಲಿ ಉಂಟಲ್ಲ.”

ಹೋಗಿದ್ದೇನೆ ಎಂದೂ ಅಲ್ಲ, ಹೋಗಿಲ್ಲ ಎಂದೂ ಅಲ್ಲ. ಅತ್ತೆಯನ್ನು ಕೇಳಿದರೆ, “ನಿನ್ನ ಅಪ್ಪನ ಮನೆಗೆ ಹೋದದ್ದು ಬಿಟ್ರೆ ಅವರು ಮಂಗಳೂರು ದಾಟಿದ್ದು ನಾನಂತೂ ಕಾಣೆ” ಎನ್ನುತ್ತಿದ್ದರು. ಗಂಡನನ್ನು ಕೇಳಿದರೆ, ಹರೆಯದಲ್ಲಿ ಎರಡು ವರ್ಷ ಅವರು ಎಲ್ಲಿದ್ದರೆಂದು ಯಾರಿಗೂ ಗೊತ್ತಿಲ್ಲ ಎನ್ನುತ್ತಿದ್ದರು. ಯಾರ ಮಾತು ಹಿಡಿಯುವುದು ಯಾರದು ಬಿಡುವುದು?

ಮಗಳಿಗೆ ಐದಾರು ವರ್ಷವಾದಾಗ ನಾವೆಲ್ಲ ವರಂಗಕ್ಕೆ ಹೋಗಿದ್ದೆವು. ಅವರು ಹೇಳಿದ್ದಕ್ಕಿಂತ ಒಂದು ಕೂದಲೂ ಹೆಚ್ಚು ಕಡಿಮೆ ಇರಲಿಲ್ಲ. ಹಿಂದೆ ಘಟ್ಟದ ನೀಲಿ, ಮುಂದೆ ನೀರು ಕಾಣದಷ್ಟು ಎಲೆ, ನಡುವೆ ತಲೆ ತಗ್ಗಿಸಿ ಕೂತಂತಹ ಪುಟ್ಟ ಬಸದಿ. ದೋಣಿ ಹತ್ತುವಾಗ ದೊಡ್ಡ ಮಾವ, “ಎಡಬದಿ ಕೂತ್ಕೊಳ್ಬೇಡಿ, ಒದ್ದೆಯಾಗ್ತದೆ” ಎಂದರು. ನಾನು ಕೇಳದೆ ಎಡಬದಿಯಲ್ಲೇ ಕೂತು ಸೀರೆ ಒದ್ದೆ ಮಾಡಿಕೊಂಡೆ. ಹಾಗಾದರೆ ಇವರು ಮೊದಲು ಬಂದಿದ್ದಾರೆ ಎಂದು ನಿಶ್ಚಯ ಮಾಡಿಕೊಳ್ಳುವಷ್ಟರಲ್ಲಿ ದೋಣಿಯವನ ಹತ್ತಿರ, “ಇಲ್ಲಿ ಆಳ ಎಷ್ಟುಂಟು? ಮೀನುಂಟಾ?” ಎಂದು ಹೊಸಬರ ಹಾಗೆ ಕೇಳತೊಡಗಿದರು. ನನ್ನ ನಿಶ್ಚಯ ಅಲ್ಲೇ ಮುಳುಗಿತು.

ನನ್ನ ಗೊಂದಲ ಶುರುವಾದದ್ದು ವರಂಗದಲ್ಲಲ್ಲ. ಅದು ನನ್ನ ಮದುವೆಯಷ್ಟೇ ಹಳೆಯದು, ನಿಜ ಹೇಳಬೇಕೆಂದರೆ ಮದುವೆಗಿಂತ ನಾಲ್ಕು ತಿಂಗಳು ಹಳೆಯದು.

ನಾನು ಹುಟ್ಟಿದ್ದು ಒಂದು ಕುದ್ರುವಿನಲ್ಲಿ. ಉಡುಪಿಯಿಂದ ಬಡಗು ದಿಕ್ಕಿಗೆ, ಹೊಳೆ ಸಮುದ್ರ ಸೇರುವಲ್ಲಿ ನೀರಿನ ನಡುವೆ ಎದ್ದ ಭೂಮಿಗೆ ಕುದ್ರು ಎನ್ನುತ್ತಾರೆ. ನಾಲ್ಕೂ ಕಡೆ ನೀರು. ಶಾಲೆಗೆ ದೋಣಿ, ಅಂಗಡಿಗೆ ದೋಣಿ, ಹೆರಿಗೆಗೆ ಸೂಲಗಿತ್ತಿ ಬರುವುದೂ ದೋಣಿಯಲ್ಲಿ. ನಮ್ಮ ಜಿಲ್ಲೆ ಮದರಾಸಿನಿಂದ ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ಕುಂಭ ಮಾಸದಲ್ಲಿ, ಕಡಬದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನ ಜೊತೆ ಬಂದವರು ಈ ದೊಡ್ಡ ಮಾವ. ಹಿಂದಿನ ಸಂಜೆಯೇ ಬಂದು ನಮ್ಮಲ್ಲೇ ಮಲಗಿದ್ದರು. ಬೆಳಗ್ಗೆ ನಾನು ನೀರು ತರಲು ಹೋದಾಗ ದೋಣಿ ಕಟ್ಟುವ ಕಡುವಿನಲ್ಲಿ ಕೂತಿದ್ದರು.

“ನಿಮ್ಮಲ್ಲಿ ಇಳಿತದ ನೀರು ಹೋಗುವಾಗ ಒಂದು ಗಳಿಗೆ ಎಲ್ಲ ನಿಲ್ತದೆ, ನೋಡಿದ್ದೀಯಾ? ಅತ್ತಲೂ ಇಲ್ಲ ಇತ್ತಲೂ ಇಲ್ಲ. ಆವಾಗ ಆಚೆ ದಡದ ತೆಂಗು ನೀರಲ್ಲಿ ನೆಟ್ಟಗೆ ಕಾಣ್ತದೆ” ಎಂದರು.

ಇಪ್ಪತ್ತು ವರ್ಷ ಆ ನೀರಿನಲ್ಲೇ ಮುಖ ತೊಳೆದವಳು ನಾನು. ನೋಡಿರಲಿಲ್ಲ. ಅವತ್ತು ಕೊಡ ಇಟ್ಟು ನಿಂತು ನೋಡಿದೆ. ಹೌದು, ನಿಲ್ಲುತ್ತದೆ. ನೀರು ಉಸಿರು ಕಟ್ಟಿ ಯೋಚಿಸುತ್ತಿರುವ ಹಾಗೆ.

ಆಮೇಲೆ ಜಗಲಿಯಲ್ಲಿ ಮಾತುಕತೆ. ಅಪ್ಪನಿಗೆ ಇದ್ದದ್ದು ಒಂದೇ ಚಿಂತೆ. “ಮನೆತನದ ಬಗ್ಗೆ ನಮಗೆ ಕೇಳ್ಲಿಕ್ಕೆ ಎಂತ ಇಲ್ಲ ಭಾವ. ಆದ್ರೆ ಇವಳು ನೀರಿನ ನಡುವೆ ಬೆಳೆದವಳು. ಗುಡ್ಡೆಯ ಎಡೆಯಲ್ಲಿ ತೆಗೊಂಡು ಹೋಗಿ ಹಾಕಿದ್ರೆ ಬಾಡಿ ಹೋಗ್ತಾಳೋ ಅಂತ.”

ದೊಡ್ಡ ಮಾವ ತಾಂಬೂಲ ಪಕ್ಕಕ್ಕೆ ಇಟ್ಟು ಹೇಳಿದ್ದು ನನಗೆ ಬಾಗಿಲ ಹಿಂದಿನಿಂದ ಸ್ಪಷ್ಟ ಕೇಳಿತು: “ಅದು ಬೇಡ ನಿಮಗೆ. ನಮ್ಮಲ್ಲಿ ಮನೆ ಎದುರು ಕೆರೆ ಉಂಟು. ದೊಡ್ಡ ಕೆರೆ. ನಡುವಲ್ಲಿ ಒಂದು ಕುದ್ರೂ ಉಂಟು. ಅವಳು ಕಿಟಕಿ ತೆರೆದ್ರೆ ಸಾಕು, ಕಾಣುದು.”

ಅಪ್ಪ ಒಪ್ಪಿದ್ದು ಆ ಮಾತಿಗೆ. ನಾನು ಒಪ್ಪಿದ್ದೂ ಆ ಮಾತಿಗೇ. ಹುಡುಗನ ಮುಖ ನೆನಪಿಟ್ಟುಕೊಳ್ಳುವಷ್ಟು ಸರಿಯಾಗಿ ನಾನು ನೋಡಿರಲಿಲ್ಲ.

ಆ ವರ್ಷ ಮುಹೂರ್ತ ಸಿಕ್ಕಿದ್ದು ಜ್ಯೇಷ್ಠದಲ್ಲಿ, ಮಳೆಯೂ ಬೇಗ ಹಿಡಿದಿತ್ತು. ಮದುವೆ ಮುಗಿಸಿ ಕೊಡೆ ಹಿಡಿದುಕೊಂಡು ಈ ಮನೆಗೆ ಕಾಲಿಟ್ಟೆ. ಮರುದಿನ ಬೆಳಗ್ಗೆ ಎದ್ದವಳೇ ಕಿಟಕಿ ತೆರೆದೆ. ಎದುರು ಕೆಂಪು ಹೊಳೆ. ಮರದ ಕೊಂಬೆ, ತೆಂಗಿನ ಮಡಲು, ಯಾರದೋ ಬುಟ್ಟಿ ಎಲ್ಲವನ್ನೂ ಉರುಳಿಸಿಕೊಂಡು ಬೊಬ್ಬೆ ಹೊಡೆಯುತ್ತ ಓಡುತ್ತಿತ್ತು. ಕೆರೆ ಮನೆಯ ಹಿಂದೆ ಇರಬಹುದು ಎಂದುಕೊಂಡು ಹಿಂದೆ ಹೋದೆ. ಹಿಂದೆ ಗುಡ್ಡೆ. ಅಡುಗೆ ಮನೆಗೆ ಬಂದು, “ಕೆರೆ ಎಲ್ಲುಂಟು ಅತ್ತೆ?” ಎಂದೆ.

“ಕೆರೆಯಾ? ನಮ್ಮಲ್ಲಿ ಎಂತ ಕೆರೆ? ಬಾವಿ ಉಂಟಲ್ಲ” ಎಂದು ಅತ್ತೆ ಹಗ್ಗ ಕೊಡ ನನ್ನ ಕೈಗೆ ಕೊಟ್ಟರು.

ಗಂಡನನ್ನು ಕೇಳಿದೆ. ಅವರು ತಲೆ ಕೆರೆದುಕೊಂಡು, “ದೊಡ್ಡಪ್ಪ ಕಟ್ಟದ ನೀರಿಗೆ ಕೆರೆ ಅಂತ ಹೇಳಿದ್ದಾಗಿರ್ಬೇಕು” ಎಂದರು.

“ಕಟ್ಟ ಎಲ್ಲಿ?”

“ಹೋಯ್ತು.”

“ಎಲ್ಲಿಗೆ?”

“ಸಮುದ್ರಕ್ಕೆ. ಕಳೆದ ವಾರದ ಮಳೆಗೆ.”

ಕಟ್ಟ ಎಂದರೇನೆಂದು ನನಗೆ ಆಗ ಯಾರೂ ಬಿಡಿಸಿ ಹೇಳಲಿಲ್ಲ, ಎಲ್ಲರಿಗೂ ಗೊತ್ತಿರುವ ವಿಷಯ ಎಂದು ಅವರ ಭಾವನೆ. ಈ ಕಡೆ ಮಳೆಗಾಲ ಮುಗಿದು ಹೊಳೆ ಸೊರಗಿದ ಮೇಲೆ, ಎರಡು ದಂಡೆಯ ಮನೆಗಳವರೂ ಸೇರಿ ಹೊಳೆಗೆ ಅಡ್ಡ ಗೂಟ ಹೊಡೆದು, ಸೊಪ್ಪು ಕಲ್ಲು ಮಣ್ಣು ತುಂಬಿ ಗೋಡೆ ಎಬ್ಬಿಸುತ್ತಾರೆ. ಅದು ಕಟ್ಟ. ಅದರ ಹಿಂದೆ ನೀರು ನಿಂತು ಬೇಸಗೆಯಿಡೀ ಗದ್ದೆ ತೋಟಕ್ಕೆ ಆಗುತ್ತದೆ. ಮುಂದಿನ ಮಳೆಯ ಮೊದಲ ನೆರೆಗೆ ಕಟ್ಟ ಕೊಚ್ಚಿ ಹೋಗುತ್ತದೆ. ಮತ್ತೆ ಕಟ್ಟುವುದು. ಅಜ್ಜ ಪಿಜ್ಜನ ಕಾಲದಿಂದ ಹೀಗೆ. ದೊಡ್ಡ ಮಾವ ಬೇಸಗೆಯ ಕುಂಭ ಮಾಸದಲ್ಲಿ ನಮ್ಮ ಜಗಲಿಯಲ್ಲಿ ಕೂತು ಕೆರೆ ಉಂಟು ಎಂದಾಗ ಕೆರೆ ಇತ್ತು. ನಾನು ಬಂದಾಗ ಇರಲಿಲ್ಲ. ಭರತ ಇಳಿತ ಬಿಟ್ಟರೆ ಹನ್ನೆರಡು ತಿಂಗಳೂ ನೀರು ಒಂದೇ ಕಡೆ ಇರುವ ಊರಿನ ನನ್ನ ಅಪ್ಪನಿಗೆ, ಎಷ್ಟು ತಿಂಗಳು ಉಂಟು ಎಂದು ಕೇಳಬೇಕೆಂದು ಹೊಳೆದೀತಾದರೂ ಹೇಗೆ?

ನಾನು ಸಿಟ್ಟಿನಲ್ಲಿ ಜಗಲಿಗೆ ಹೋದೆ. ದೊಡ್ಡ ಮಾವ ಹೊಳೆ ನೋಡುತ್ತ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಸಂಭ್ರಮದಿಂದ ಕೈ ತೋರಿಸಿದರು. “ಬಾ ಮಗಳೆ. ಅಗೋ, ಆ ಮಾವಿನ ಮರದಿಂದ ಈಚೆ ಬಂಡೆವರೆಗೆ ಕೆರೆ. ಅಲ್ಲಿ ಎರಡು ಹೊಳೆಮತ್ತಿ ಮರದ ತಲೆ ಕಾಣ್ತದಲ್ಲ, ಅದು ಕುದ್ರು. ಈಗ ಸ್ವಲ್ಪ ಅಡಿಯಲ್ಲಿ ಉಂಟು.”

ನನಗೆ ಅಳು ಬಂತು, ನಗುವೂ ಬಂತು. ಈ ಮನುಷ್ಯ ನನಗೆ ಮೋಸ ಮಾಡಿದವನ ಹಾಗೆ ಒಂದು ಚೂರೂ ಕಾಣುತ್ತಿರಲಿಲ್ಲ. ಅವರಿಗೆ ಅಲ್ಲಿ ಕೆರೆ ನಿಜವಾಗಿಯೂ ಕಾಣುತ್ತಿತ್ತೋ ಏನೋ! ನಾನೇ ಕುರುಡಿಯೋ ಎಂದು ಒಂದು ಕ್ಷಣ ಅನುಮಾನವಾಯಿತು.

ಆಟಿ ತಿಂಗಳು ಬಂತು. ಹೊಸ ಮದುಮಗಳು ಆಟಿಯಲ್ಲಿ ತವರಿಗೆ ಹೋಗುವುದು ನಮ್ಮ ಕಡೆಯ ಕ್ರಮ. ನಾನು ಹೋದೆ. ಹೋಗಿ ಅಮ್ಮನ ಹತ್ತಿರ ಎಲ್ಲ ಹೇಳಿದೆ, ಅಮ್ಮ ಅಪ್ಪನಿಗೆ ಹೇಳಿದಳು. ಆಟಿ ಕಳೆದು ಸೋಣ ತಿಂಗಳಲ್ಲಿ ನನ್ನನ್ನು ಕರೆದೊಯ್ಯಲು ಬಂದವರು ಗಂಡ ಅಲ್ಲ, ದೊಡ್ಡ ಮಾವ. ಅಪ್ಪ ಕಾಲು ತೊಳೆಯಲು ನೀರು ಕೊಟ್ಟು ನೇರ ಕೇಳಿದರು.

“ಭಾವ, ಒಂದು ಮಾತು. ಕೆರೆ ಉಂಟೋ ಇಲ್ವೋ?”

“ಉಂಟು. ಈಗ ಇಲ್ಲ.”

“ಇದೆಂತ ಮಾತು ಮಾರಾಯ್ರೆ! ಉಂಟು ಅಂದ ಮೇಲೆ ಈಗ ಇಲ್ಲ ಅಂದ್ರೆ?”

“ಧನು ತಿಂಗಳಿಗೆ ಬರ್ತದೆ” ಎಂದರು ದೊಡ್ಡ ಮಾವ, ಮಗಳು ಗಂಡನ ಮನೆಯಿಂದ ಬರುತ್ತಾಳೆ ಎನ್ನುವಷ್ಟು ಸಹಜವಾಗಿ.

ನನಗೆ ಎಲ್ಲಿಂದ ಧೈರ್ಯ ಬಂತೋ ತಿಳಿಯದು. ಒಳಗಿನಿಂದಲೇ ಹೇಳಿದೆ, “ಕೆರೆ ಬಂದ ಮೇಲೆ ನಾನೂ ಬರ್ತೇನೆ.”

ಅಮ್ಮ ಬಾಯಿಗೆ ಸೆರಗು ಇಟ್ಟುಕೊಂಡಳು. ಅಪ್ಪನೂ ಅಷ್ಟು ಬಯಸಿರಲಿಲ್ಲ. ದೊಡ್ಡ ಮಾವ ಮಾತ್ರ ತಲೆಯಾಡಿಸಿ, “ಅದು ನ್ಯಾಯ” ಎಂದರು. ಮಜ್ಜಿಗೆ ಕುಡಿದು ಒಬ್ಬರೇ ದೋಣಿ ಹತ್ತಿ ಹೋದರು.

ಆಡಿದ ಮಾತು ಗಾಳಿಗೆ ಹೋಗುತ್ತದೆಯೇ? ಕುದ್ರುವಿನಲ್ಲಿ ಮನೆ ಮನೆಯಲ್ಲೂ ಅದೇ ಸುದ್ದಿ. ಕೆರೆ ಇಲ್ಲವೆಂದು ಗಂಡನನ್ನು ಬಿಟ್ಟು ಬಂದ ಹೆಣ್ಣು! ನನಗಾದರೋ ಗಂಡನ ಮೇಲೆ ಸಿಟ್ಟಿರಲಿಲ್ಲ. ಆ ಒಂದೂವರೆ ತಿಂಗಳಲ್ಲಿ ಅವರು ನನ್ನೊಡನೆ ಗಟ್ಟಿಯಾಗಿ ಮಾತಾಡಿದವರೇ ಅಲ್ಲ. ಬೇಕು ಎಂದರೆ ಬೇಕು, ಬೇಡ ಎಂದರೆ ಬೇಡ, ಹೀಗೆ ಎಂದು ಹೇಳಲು ಬಾರದ ಒಂದು ಸ್ಥಿತಿ. ರಾತ್ರಿ ಮಲಗಿದರೆ ಆ ಕೆಂಪು ಹೊಳೆಯ ಬೊಬ್ಬೆ ಕಿವಿಯಲ್ಲಿ ಇರುತ್ತಿತ್ತು. ಅದು ಬೇಡವೆಂದು ಬಂದವಳಿಗೆ ಅದಿಲ್ಲದೆ ನಿದ್ದೆ ಬರುತ್ತಿರಲಿಲ್ಲ.

ದೀಪಾವಳಿ ಬಂತು. ಮದುವೆಯಾದ ಮೊದಲ ದೀಪಾವಳಿಗೆ ಅಳಿಯ ಮಾವನ ಮನೆಗೆ ಬರಲೇಬೇಕು, ಜಗಳವಿದ್ದರೂ ಅದೊಂದು ನೆವದಿಂದ ಎಲ್ಲ ಸರಿಯಾಗುತ್ತದೆ. ಅಪ್ಪ ಹೇಳಿ ಕಳಿಸಿದ್ದರು. ಬರುತ್ತಾರೆ ಎಂದು ಉತ್ತರವೂ ಬಂದಿತ್ತು. ಹಂಡೆಗೆ ನೀರು ತುಂಬಿ, ಹೊಸ ಪಂಚೆ ಮಡಚಿಟ್ಟು, ಅಪ್ಪ ಬೆಳಗ್ಗಿನಿಂದ ಕಡುವಿನಲ್ಲಿ ನಿಂತರು. ದೋಣಿ ಬಂತು, ಹೋಯಿತು, ಬಂತು, ಹೋಯಿತು. ಸಂಜೆ ಅಪ್ಪ ಒಳಗೆ ಬಂದು, “ಇನ್ನು ನಾವು ಹೋಗುದೂ ಬೇಡ, ಅವರು ಬರುದೂ ಬೇಡ” ಎಂದರು. ಅವತ್ತು ನನ್ನ ಮದುವೆ ಮುಗಿಯಿತು ಎಂದೇ ತಿಳಿದೆ. ಬಾರದ ಕೆರೆಯ ಮೇಲೆ ಹಟ ಹಿಡಿದು ಇದ್ದ ಗಂಡನನ್ನೂ ಕಳೆದುಕೊಂಡೆನೋ ಎಂದು ತುಂಬ ಅತ್ತೆ.

ದೀಪಾವಳಿ ಕಳೆದು ಸುಮಾರು ಎರಡು ತಿಂಗಳಿಗೆ, ಧನು ಮಾಸದಲ್ಲಿ ಒಂದು ದಿನ ಗಂಡ ಬಂದರು. ಸೊರಗಿ ಇಳಿದು ಹೋಗಿದ್ದರು, ಕೈಯಲ್ಲಿ ಬೊಬ್ಬೆಗಳು. ಜಗಲಿಯ ಅಂಚಿನಲ್ಲಿ ಕೂತು, “ಕೆರೆ ಬಂದಿದೆ” ಎಂದರು. ಅಷ್ಟೇ.

“ದೀಪಾವಳಿಗೆ ಎಂತ ಆಗಿತ್ತು?” ಅಪ್ಪ ಕೇಳಿದರು.

“ಕೆಲಸ ಇತ್ತು.”

ಅಪ್ಪ ಮುಖ ತಿರುಗಿಸಿ ಎದ್ದು ಹೋದರು. ನಾನು ಒಳಗೆ ಹೋಗಿ ಸೀರೆ ಕಟ್ಟಿಕೊಂಡೆ. ಯಾಕೆ ಹೊರಟೆ ಎಂದು ಕೇಳಿದರೆ ನನಗೇ ಗೊತ್ತಿಲ್ಲ. ಸುಳ್ಳಾದರೆ ಕಣ್ಣಾರೆ ನೋಡಿ ಬಂದುಬಿಡೋಣ ಎಂದಿರಬಹುದು. ಆ ಬೊಬ್ಬೆ ಎದ್ದ ಕೈಗಳಿಗಾಗಿಯೂ ಇರಬಹುದು.

ಕಡಬದಲ್ಲಿ ಬಸ್ಸಿಳಿದು ನಡೆದೆವು. ಕೊನೆಯ ಏರು ಹತ್ತಿದಾಗ ಇಳಿಹೊತ್ತು. ಕೆಳಗೆ ನೋಡಿದೆ. ಹೊಳೆ ಇರಲಿಲ್ಲ. ಅದು ಬೊಬ್ಬೆ ಹೊಡೆದ ಜಾಗದಲ್ಲಿ ಸದ್ದೇ ಇಲ್ಲದ ಅಗಲ ನೀರು, ಮಾವಿನ ಮರದಿಂದ ಬಂಡೆಯವರೆಗೆ, ಅವರು ಹೇಳಿದಷ್ಟೇ. ಎರಡು ದಡದ ಹಸಿರು ಅದರೊಳಗೆ ತಲೆಕೆಳಗಾಗಿ ಮಲಗಿತ್ತು. ನಡುವೆ ಎರಡು ಹೊಳೆಮತ್ತಿ ಮರ, ನಾಲ್ಕು ಪೊದೆ, ಒಂದು ಬೆಳ್ಳಗಿನ ಕಲ್ಲು ಹೊತ್ತ ಪುಟ್ಟ ಕುದ್ರು. ಕಲ್ಲಿನ ಮೇಲೆ ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಒಣಗಿಸುತ್ತಿತ್ತು. ಮಿಂಚುಳ್ಳಿ ಒಮ್ಮೆ ನೀಲಿಯಾಗಿ ಹಾರಿ ನೀರಿಗೆ ಬಿದ್ದು ಎದ್ದಿತು. ಅದು ಎಬ್ಬಿಸಿದ ಅಲೆ ದಡಕ್ಕೆ ಬಂದು ತಾಗುವವರೆಗೂ ನಾನು ನಿಂತೇ ಇದ್ದೆ. ದೊಡ್ಡ ಕೆರೆ ಎಂದು ಹೇಳಿದ್ದರಲ್ಲ, ದೊಡ್ಡದೇನೂ ಅಲ್ಲ. ಆದರೆ ಚಂದ ಇತ್ತು. ಅಷ್ಟು ಚಂದ ಇರುತ್ತದೆಂದು ಅವರು ಹೇಳಿರಲಿಲ್ಲ.

ದೊಡ್ಡ ಮಾವ ದಂಡೆಯಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತಿದ್ದರು. ಎದ್ದು ಬರಲಿಲ್ಲ. ಎಡಗಾಲು ನೀಡಿಕೊಂಡು, ರಾಜನ ಹಾಗೆ ಕೂತಲ್ಲಿಂದಲೇ, “ಬಂದ್ಯಾ ಮಗಳೆ? ನೋಡು” ಎಂದರು. ಸೊಸೆ ಇಷ್ಟು ತಿಂಗಳ ಮೇಲೆ ಬಂದರೆ ಎದ್ದು ನಾಲ್ಕು ಹೆಜ್ಜೆ ಬರಲೂ ಇವರಿಗೆ ದೊಡ್ಡಸ್ತಿಕೆಯೇ ಎಂದು ನನಗೆ ಅನ್ನಿಸಿತು. ಗೆದ್ದವರು ತಾನೇ, ಕೂತಿರಲಿ ಎಂದುಕೊಂಡೆ. ಆಮೇಲೆ ನೋಡಿದರೆ ಅವರು ಕುಂಟುತ್ತಿದ್ದರು. ಮೊದಲಿನಿಂದಲೂ ಕುಂಟುತ್ತಿದ್ದರೇ? ಮದುವೆಯ ಗಡಿಬಿಡಿಯಲ್ಲಿ ನಾನು ನೋಡದೆ ಹೋದೆನೇ? ಅತ್ತೆಯನ್ನು ಕೇಳಿದೆ. “ವಯಸ್ಸಾಯ್ತಲ್ಲ” ಎಂದು ಅವರು ಒಲೆ ಊದಿದರು.

ಹೀಗೆ ನಾನು ಇಲ್ಲಿ ಉಳಿದೆ. ವರ್ಷ ವರ್ಷ ಕೆರೆ ಬಂತು, ಹೋಯಿತು. ಬೇಸಗೆಯಲ್ಲಿ ಬಿದಿರಿನ ತೆಪ್ಪದಲ್ಲಿ ಮಗಳನ್ನು ಕೂರಿಸಿ ದೊಡ್ಡ ಮಾವ ಕುದ್ರುವಿಗೆ ಕರೆದೊಯ್ಯುತ್ತಿದ್ದರು. ಕೆರೆ ಇದ್ದಷ್ಟು ದಿನ ಅವರ ಬಾಯಲ್ಲಿ ಬೇರೆ ಊರಿನ ಹೆಸರಿಲ್ಲ. “ಇದನ್ನು ಬಿಟ್ಟು ಎಲ್ಲಿಗೆ ಹೋಗುದು?” ಎನ್ನುತ್ತಿದ್ದರು. ಕಟ್ಟ ಹೋದ ಮರುದಿನದಿಂದ ಕಾಶ್ಮೀರ, ಮಲ್ಪೆ, ಅನಂತಪುರ. ಮಳೆಗಾಲದಲ್ಲಿ ಯಾರಾದರೂ ನೆಂಟರು ಬಂದರೆ, ಕೆಂಪು ನೆರೆಯನ್ನು ತೋರಿಸಿ, “ಕೆರೆ ನೋಡಿದ್ರಾ?” ಎಂದು ಕೇಳುವುದನ್ನು ಮಾತ್ರ ಬಿಡಲಿಲ್ಲ. ನೆಂಟರು ನನ್ನ ಮುಖ ನೋಡುತ್ತಿದ್ದರು. ನಾನು ಯಾರ ಮುಖ ನೋಡಲಿ?

ಗಂಡನೊಡನೆ ಜಗಳವಾದಾಗಲೆಲ್ಲ ನನ್ನ ಕೈಯಲ್ಲಿದ್ದದ್ದು ಆ ದೀಪಾವಳಿ. “ಮೊದಲ ದೀಪಾವಳಿಗೇ ಬಾರದವರು ನೀವು, ನನ್ನ ಅಪ್ಪನನ್ನು ಇಡೀ ದಿನ ಕಡುವಿನಲ್ಲಿ ನಿಲ್ಲಿಸಿದವರು” ಎಂದರೆ ಅವರು ಬಾಯಿ ಮುಚ್ಚುತ್ತಿದ್ದರು. ಅಷ್ಟಕ್ಕೆ ದೊಡ್ಡ ಮಾವ ಜಗಲಿಯಿಂದ ಎದ್ದು ಹೊಳೆಯ ಕಡೆ ಹೋಗುತ್ತಿದ್ದರು. ಗಂಡ ಹೆಂಡಿರ ನಡುವೆ ಯಾಕೆ ಎಂದು ಹೋಗುತ್ತಾರೆ ಎಂದು ನಾನು ತಿಳಿದಿದ್ದೆ.

ಈ ವರ್ಷ ಕನ್ಯಾ ಮಾಸದಲ್ಲಿ ಜ್ವರ ಹಿಡಿದು ನಾಲ್ಕೇ ದಿನಕ್ಕೆ ಅವರು ಹೋದರು. ಹದಿಮೂರನೆಯ ದಿನದ ಊಟಕ್ಕೆ ಹೊಳೆಯ ಎರಡೂ ದಂಡೆಯವರು ಬಂದಿದ್ದರು. ಹಿತ್ತಿಲಲ್ಲಿ ಬಾಳೆಲೆ ಒರೆಸುತ್ತ ಕೂತ ಆಚೆಮನೆ ಅಕ್ಕ, ದೊಡ್ಡ ಮಾವನ ಗುಣ ಹೇಳುತ್ತ ಹೇಳುತ್ತ, “ಆ ಕಾಲು ಒಂದು ಸರಿಯಾಗ್ಲೇ ಇಲ್ಲ ಪಾಪ, ಆ ದೀಪಾವಳಿಯ ಕಟ್ಟದಲ್ಲಿ ಹೋದದ್ದು” ಎಂದರು.

“ಯಾವ ದೀಪಾವಳಿ ಅಕ್ಕ?”

“ಅಯ್ಯೋ, ನಿಂಗೆ ಗೊತ್ತಿಲ್ವಾ ಮಾರಾಯ್ತಿ? ನೀನು ಬರುದಿಲ್ಲ ಅಂತ ಅಲ್ಲಿ ಕೂತಿದ್ದ ವರ್ಷ.”

ಅಕ್ಕ ಹೇಳಿದರು. ಸೋಣದಲ್ಲಿ ನನ್ನ ತವರಿನಿಂದ ಒಬ್ಬರೇ ವಾಪಸು ಬಂದ ದೊಡ್ಡ ಮಾವ, ತುಲಾ ಮಾಸ, ಎಂದರೆ ದೀಪಾವಳಿಯ ತಿಂಗಳು, ಹುಟ್ಟಿದ್ದೇ ಮನೆ ಮನೆಗೆ ಹೋದರಂತೆ. ಈ ವರ್ಷ ಕಟ್ಟ ಬೇಗ ಕಟ್ಟುವ, ದೀಪಾವಳಿಗೆ ನಮ್ಮ ಹುಡುಗ ಮಾವನ ಮನೆಗೆ ಹೋಗುವಾಗ ಕೆರೆ ಬಂತು ಅಂತ ಸುದ್ದಿ ಹಿಡ್ಕೊಂಡು ಹೋಗ್ಲಿ ಎಂದು. ತುಲಾದಲ್ಲಿ ಯಾರೂ ಕಟ್ಟ ಕಟ್ಟುವುದಿಲ್ಲ. ಗುಡುಗಿನ ಮಳೆ ಇನ್ನೂ ಬಾಕಿ ಇರುತ್ತದೆ, ಗೂಟ ನಿಲ್ಲುವುದಿಲ್ಲ. ಸಣ್ಣ ಮಕ್ಕಳಿಗೂ ಗೊತ್ತಿದ್ದ ವಿಷಯ. ಅವರಿಗೆ ಗೊತ್ತಿರಲಿಲ್ಲವೇ? ಎಲ್ಲರೂ ಬೇಡ ಎಂದರಂತೆ. ಕೊನೆಗೆ ಹಿರಿಯರ ಮುಖ ನೋಡಿ ಕೈ ಕೂಡಿಸಿದರಂತೆ. ಕಟ್ಟ ಎದ್ದಿತು, ನೀರು ನಿಂತಿತು. ದೀಪಾವಳಿಯ ಹಿಂದಿನ ದಿನ ಮಧ್ಯಾಹ್ನ ಘಟ್ಟದಲ್ಲಿ ಗುಡುಗಿತು. ನೀರು ಏರುವುದು ಕಂಡು ಎಲ್ಲರೂ ದಡ ಹತ್ತಿದರೂ ದೊಡ್ಡ ಮಾವ ನಡುವಿನ ಗೂಟ ಹಿಡಿದುಕೊಂಡು ಮಣ್ಣು ತುಂಬುತ್ತಲೇ ಇದ್ದರಂತೆ. ಕಟ್ಟ ಒಡೆಯಿತು. ಅವರ ಕಾಲಿನ ಮೇಲೆ ಮರದ ದಿಮ್ಮಿ ಹೋಯಿತು. ನನ್ನ ಗಂಡ ನೀರಿಗೆ ಹಾರಿ ಎಳೆದು ತಂದರು. ಕುರ್ಚಿಗೆ ಬಿದಿರು ಕಟ್ಟಿ ಹೊತ್ತು ರಸ್ತೆಗೆ ತಂದು, ಅಲ್ಲಿಂದ ಲಾರಿಯಲ್ಲಿ ಪುತ್ತೂರಿಗೆ. ನನ್ನ ಅಪ್ಪ ಕಡುವಿನಲ್ಲಿ ನಿಂತಿದ್ದ ಹೊತ್ತಿಗೆ ನನ್ನ ಗಂಡ ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತಿದ್ದರು.

“ಒಂದು ವರ್ಷಕ್ಕೆ ಎರಡು ಕಟ್ಟ ಕಟ್ಟಿದ್ದು ಆ ಒಂದೇ ಸಲ” ಎಂದರು ಅಕ್ಕ. “ಧನುವಿನದ್ದು ನಾವೇ ಕಟ್ಟಿದ್ದು. ಅವರು ಕುರ್ಚಿಯಲ್ಲಿ ಕೂತು ನೋಡಿದ್ದು ಮಾತ್ರ.”

ನಾನು ಎದ್ದು ಗಂಡನನ್ನು ಹುಡುಕಿಕೊಂಡು ಹೋದೆ. ಕೊಟ್ಟಿಗೆಯ ಹತ್ತಿರ ಪಾತ್ರೆ ಹಿಡಿದು ನಿಂತಿದ್ದರು. “ಹತ್ತು ವರ್ಷ ನಾನು ಬಾಯಿಗೆ ಬಂದದ್ದು ಹೇಳಿದೆನಲ್ಲ, ಒಮ್ಮೆಯಾದ್ರೂ ಹೇಳ್ಲಿಕ್ಕೆ ಆಗ್ಲಿಲ್ವಾ ನಿಮಗೆ?” ಎಂದೆ. ಧ್ವನಿ ಏರಿತ್ತು, ಮನೆ ತುಂಬ ಜನ ಇದ್ದದ್ದು ಮರೆತುಹೋಗಿತ್ತು.

ಅವರು ನೆಲ ನೋಡುತ್ತ ಹೇಳಿದರು: “ಆಸ್ಪತ್ರೆಯಲ್ಲಿ ದೊಡ್ಡಪ್ಪ ಕೈ ಮೇಲೆ ಕೈ ಇಡಿಸಿ ಮಾತು ತೆಗೊಂಡದ್ದು. ಅವಳು ಕೆರೆಗೆ ಅಂತ ಬರ್ಲಿ, ನನ್ನ ಕಾಲಿಗೆ ಅಂತ ಬರುದು ಬೇಡ ಅಂತ ಹೇಳಿದ್ರು.”

ಸತ್ತವರ ಮೇಲೆ ಸಿಟ್ಟು ಬಂತು. ಯಾರು ಕೇಳಿದ್ದರು ಇವರನ್ನು, ತುಲಾದ ನೀರಿಗೆ ಅಡ್ಡ ನಿಲ್ಲಲು? ನನಗೆ ಬೇಕಾದ್ದು ಕೆರೆಯೋ, ಕರೆಯಲು ಬರುವ ಗಂಡನೋ ಎಂದು ನನಗೇ ಗೊತ್ತಿಲ್ಲದಿದ್ದಾಗ ಇವರು ಕಾಲು ಕೊಟ್ಟು ಕೂತರಲ್ಲ! ಆ ದಿನ ಕುರ್ಚಿಯಲ್ಲಿ ರಾಜನ ಹಾಗೆ ಕೂತಿದ್ದಾರೆ ಎಂದುಕೊಂಡೆನಲ್ಲ! ಅದು ನನ್ನ ಮೇಲಿನ ಪ್ರೀತಿಯೋ, ಆಡಿದ ಮಾತು ನಿಜ ಮಾಡಬೇಕೆಂಬ ಹಟವೋ, ಕೆರೆಯ ಮರುಳೋ? ಕೇಳೋಣವೆಂದರೆ ಅವರಿಲ್ಲ. ಇದ್ದಿದ್ದರೂ ಹೌದು ಅಲ್ಲ ಎಂದು ಸರಿಯಾಗಿ ಹೇಳುವವರಲ್ಲ. ನಾನು ಕೊಟ್ಟಿಗೆಯ ಕಂಬ ಹಿಡಿದುಕೊಂಡು ಅತ್ತೆ. ಗಂಡ ಪಾತ್ರೆ ಕೆಳಗಿಡಲೂ ತೋಚದೆ ಪಕ್ಕದಲ್ಲಿ ನಿಂತಿದ್ದರು.

ಅಷ್ಟರಲ್ಲಿ ಚಾವಡಿಯಲ್ಲಿ ಮಾತು ಎದ್ದಿತ್ತು. ಎರಡು ಮೂರು ಮನೆಗಳಿಗೆ ಈಗ ನೀರೆತ್ತುವ ಎಣ್ಣೆಯ ಪಂಪು ಬಂದಿದೆ. ಕಟ್ಟ ಇಲ್ಲದಿದ್ದರೂ ನಡೆಯುತ್ತದೆ ಎಂದು ಒಬ್ಬರು, ಕಟ್ಟಕ್ಕೆ ಜನ ಸೇರಿಸುವುದೇ ಕಷ್ಟ, ಹಿರಿಯರೂ ಹೋದರು ಎಂದು ಇನ್ನೊಬ್ಬರು. ಕೊನೆಗೆ ಆಚೆಮನೆಯ ಭಾವ ನನ್ನ ಗಂಡನನ್ನು ಕೂಗಿ, “ಹೇಗೆ, ಈ ಸರ್ತಿ ಕಟ್ಟ ಉಂಟಾ ನಿಮ್ಮದು?” ಎಂದು ಕೇಳಿದರು. ಗಂಡ ಪಾತ್ರೆ ಹಿಡಿದುಕೊಂಡೇ ಚಾವಡಿಗೆ ಹೋಗಿ ನಿಂತರು.

ನಾನು ಸೆರಗಿನಿಂದ ಮುಖ ಒರೆಸಿಕೊಂಡು ಚಾವಡಿಯ ಬಾಗಿಲಿಗೆ ಬಂದೆ. ಗಂಡಸರ ನಡುವೆ ನಾನು ಮಾತಾಡಿದ್ದು ಅದೇ ಮೊದಲು.

“ಕಟ್ಟ ಉಂಟು ಭಾವ. ತುಲಾ ಪೂರ್ತಿ ಕಳೀಲಿ, ಗುಡುಗು ನಿಲ್ಲಲಿ. ಅವಸರ ಮಾಡುದು ಬೇಡ. ನಮ್ಮ ಮನೆಯಿಂದ ಮಣ್ಣು ಹೊರ್ಲಿಕ್ಕೆ ನಾನು ಬರ್ತೇನೆ.”